ಮೈಲಾಪುರದ ಮಲ್ಲಯ್ಯ

ಯಾದಗಿರಿ ತಾಲ್ಲೂಕಿನ ರಾಮಸಮುದ್ರದ ಕಡೆಯ ಊರುಗಳಲ್ಲಿ ಮಕರ ಸಂಕ್ರಮಣವು ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನೂ ಕಾಯಿಪಲ್ಯೆಯನ್ನೂ ಉಂಡು ಮುಗಿಸುವ ಹಬ್ಬವಲ್ಲ; ಅದು ಮಲ್ಲಯ್ಯನ ಜಾತ್ರೆಯ ದಿನ. ಅದೇ ತಾಲ್ಲೂಕಿನ ಮೈಲಾಪುರದ ಗುಡ್ಡದಲ್ಲಿ, ಹೆಬ್ಬಂಡೆಗಳ ನಡುವಣ ಗವಿಯಲ್ಲಿ ನೆಲಸಿರುವ ಈ ದೇವರನ್ನು ಕಾಣಲು ಜನವರಿಯ ಆ ದಿನ ಜನಸಾಗರವೇ ಕೂಡುವುದು.

ಮಲ್ಲಯ್ಯನೆಂದರೆ ಮೈಲಾರಲಿಂಗನೇ, ಮಣಿ-ಮಲ್ಲರೆಂಬ ದೈತ್ಯರನ್ನು ಸಂಹರಿಸಿದ ಶಿವ. ಹಡಗಲಿ ಸೀಮೆಯ ಮೈಲಾರದಲ್ಲಿಯೂ, ಬೀದರ ಜಿಲ್ಲೆಯ ಖಾನಾಪುರದಲ್ಲಿಯೂ ಈತನ ಕ್ಷೇತ್ರಗಳುಂಟು. ಮರಾಠರಿಗೆ ಈತನೇ ಜೇಜುರಿಯ ಖಂಡೋಬ, ತೆಲುಗರಿಗೆ ಮಲ್ಲನ್ನ. ಆದುದರಿಂದ ಮೈಲಾಪುರದ ದಾರಿಯಲ್ಲಿ ಮೂರು ಭಾಷೆಗಳೂ ಕಿವಿಗೆ ಬೀಳುವುವು. 1956ರವರೆಗೆ ಈ ಸೀಮೆಯು ಹೈದರಾಬಾದಿನ ಆಡಳಿತಕ್ಕೆ ಸೇರಿತ್ತಷ್ಟೆ. ರಾಜ್ಯಗಳು ಭಾಷೆಯಂತೆ ಬೇರ್ಪಟ್ಟವು. 2009ರ ಕೊನೆಯಲ್ಲಿ ಯಾದಗಿರಿಯೇ ಕಲಬುರ್ಗಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. ಮಲ್ಲಯ್ಯನ ಒಕ್ಕಲು ಮಾತ್ರ ಪಾಲಾಗಲಿಲ್ಲ.

ಊರಿನ ಕಟ್ಟಳೆಗಳು ಸೋಜಿಗದವು. ಮೈಲಾಪುರದಲ್ಲಿ ಹೊರಸಿನ ಮೇಲೆ ಮಲಗುವ ವಾಡಿಕೆಯಿಲ್ಲ. ಕೋಳಿ ಸಾಕುವುದೂ ಇಲ್ಲ. ಕೋಳಿ ಕೂಗಿ ದೇವರ ನಿದ್ರೆ ಕೆಡಬಾರದೆಂದು ನಂಬಿಕೆ. ಬಸುರಿ ಬಾಣಂತಿಯರೂ ನೆಲದ ಮೇಲೆಯೇ ಮಲಗಬೇಕೆ ಎಂದು ನಮ್ಮ ಗೃಹಿಣಿಯರು ಕೇಳಿಯಾರು. ಕೇಳತಕ್ಕ ಪ್ರಶ್ನೆಯೇ ಸರಿ.

ಸಂಕ್ರಮಣದಂದು ಉತ್ಸವಮೂರ್ತಿಯು ಪಲ್ಲಕ್ಕಿಯಲ್ಲಿ ಗುಡ್ಡವಿಳಿದು ಹೊನ್ನಕೆರೆಗೆ ಗಂಗಾಸ್ನಾನಕ್ಕೆ ಬಿಜಯಮಾಡುವುದು. "ಏಳು ಕೋಟಿಗೆ ಏಳು ಕೋಟಿ" ಎಂಬ ಘೋಷವು ಬಂಡೆಯಿಂದ ಬಂಡೆಗೆ ಮರುದನಿಗೊಡುವುದು. ಭಂಡಾರವೆಂದು ಕರೆಯುವ ಅರಿಸಿನದ ಪುಡಿ ಮುಗಿಲಿಗೇರಿ, ಪಲ್ಲಕ್ಕಿ, ಹೊತ್ತವರು, ನೋಡುವವರು ಎಲ್ಲರೂ ಒಂದೇ ಬಣ್ಣವಾಗುವರು. ಕಂಬಳಿ ಹೊದ್ದ ಗೊರವರು ಡಮರುಗ ಬಾರಿಸುತ್ತ ಕುಣಿಯುವರು.

ಇನ್ನು ಕುರಿಮರಿಯ ಮಾತು. ಪಲ್ಲಕ್ಕಿ ಸಾಗುವಾಗ ಜೀವಂತ ಕುರಿಮರಿಗಳನ್ನು ಅದರ ಮೇಲೆ ಹಾರಿಸುವ ಹರಕೆ ಇಲ್ಲಿ ಬಹುಕಾಲ ನಡೆದುಬಂದಿತು. ಹಾರಿದ ಮರಿ ಜನರ ಕಾಲ್ತುಳಿತಕ್ಕೆ ಸಿಕ್ಕುತ್ತಿತ್ತು. ಜಿಲ್ಲಾಡಳಿತವು ಇದನ್ನು ನಿಷೇಧಿಸಿ, ಜಾತ್ರೆಯ ಕಾಲಕ್ಕೆ ಸುತ್ತಣ ದಾರಿಗಳಲ್ಲಿ ಕಾವಲಿಟ್ಟು, ಮರಿಗಳನ್ನು ತಂದವರಿಂದ ವಶಪಡಿಸಿಕೊಳ್ಳುವ ಏರ್ಪಾಡು ಮಾಡಿತು. ನಿಷೇಧವು ಸರಿಯಾದುದೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮರಿಯನ್ನು ತಂದವನನ್ನು ಕೇವಲ ಕ್ರೂರಿಯೆಂದು ಜರೆಯುವ ಪಟ್ಟಣಿಗರ ಮಾತಿಗೆ ತಲೆದೂಗಲಾರೆ. ಅಡವಿಯಲ್ಲಿ ಹಟ್ಟಿಹಾಕಿ, ಮಳೆಗಾಲದ ರೋಗಕ್ಕೆ ಒಂದೇ ರಾತ್ರಿಯಲ್ಲಿ ಹತ್ತಾರು ಕುರಿ ಸತ್ತುದನ್ನು ಕಂಡವನು, ಉಳಿದುದನ್ನು ಕಾಪಾಡು ತಂದೆ, ಒಂದು ನಿನಗೆ ಬಿಟ್ಟೆನು ಎಂದು ನುಡಿದಿರುತ್ತಾನೆ. ಆ ನುಡಿಯು ಅವನಿಗೆ ತೀರಿಸಲೇಬೇಕಾದ ಸಾಲ. ದಾರಿಯಲ್ಲಿ ಮರಿಯನ್ನು ಕಸಿದುಕೊಂಡರೆ ಸಾಲವು ತೀರಿತೋ ಉಳಿಯಿತೋ ಎಂಬುದೇ ಅವನ ಅಳಲು. ಕಾವಲಿನವರು ಇದಕ್ಕೇನು ಉತ್ತರ ಹೇಳಿಯಾರು? ಕುರಿಯ ಉಣ್ಣೆಯನ್ನೂ ಭಂಡಾರವನ್ನೂ ಪಲ್ಲಕ್ಕಿಗೆ ಎರಚಿ ಹರಕೆ ಒಪ್ಪಿಸುವವರುಂಟು. ಮರಿಯೂ ಬದುಕಿತು, ಮಾತೂ ಉಳಿಯಿತು. ಅಧಿಕಾರಿಗಳ ಆಜ್ಞೆಗಿಂತ ಹಟ್ಟಿಯ ಹಿರಿಯರ ಒಂದು ಮಾತು ಈ ದಾರಿಯನ್ನು ಬೇಗ ಹಿಡಿಸೀತೆಂದು ನನಗೆ ತೋರುತ್ತದೆ.

ಸ್ನಾನ ಮುಗಿಸಿ ದೇವರು ಮರಳಿದ ಮೇಲೆ ಸರಪಳಿ ಹರಿಯುವ ಸೇವೆ. ಜನವೆಲ್ಲ ಉಸಿರು ಬಿಗಿಹಿಡಿದಿರುವಲ್ಲಿ ಅರ್ಚಕರು ಕಬ್ಬಿಣದ ಸರಪಳಿಯನ್ನು ಜಗ್ಗಿ ತುಂಡರಿಸುವರು. ಅದು ಹರಿಯಿತೆಂಬ ಕೂಗೆದ್ದಾಗ ಮುದುಕರ ಕಣ್ಣಲ್ಲಿ ನೀರಾಡುವುದು.

ಹೋಗಬೇಕೆನ್ನುವವರಿಗೆ ಎರಡು ಮಾತು. ಮುಂಬಯಿ-ಮದರಾಸು ರೈಲುಮಾರ್ಗದ ಯಾದಗಿರಿ ನಿಲ್ದಾಣದಲ್ಲಿಳಿದು ಮುಂದೆ ಮೋಟಾರಿನಲ್ಲಿ ಹೋಗಬಹುದು. ಕೈಗೂಸಿನವರೂ ವೃದ್ಧರೂ ಸಂಕ್ರಮಣದ ನೂಕುನುಗ್ಗಲನ್ನು ಬಿಟ್ಟು ಬೇರೊಂದು ದಿನ ಹೋಗುವುದು ಲೇಸು. ರವಿವಾರವು ಮಲ್ಲಯ್ಯನ ವಾರ. ಬಂಡೆ ಕಾಯುವ ಮೊದಲೇ ಗುಡ್ಡವೇರಿರಿ. ಬಿಳಿಯ ಧೋತರವನ್ನಾಗಲಿ ಒಳ್ಳೆಯ ಸೀರೆಯನ್ನಾಗಲಿ ಉಡಬೇಡಿರಿ. ಆ ಭಂಡಾರದ ಹಳದಿಯು ಮೂರು ಒಗೆತಕ್ಕೂ ಬಿಡುವುದಿಲ್ಲ.