ಹಬೆಪಂಡಿತರೂ ಒಂದು ಹನಿಯೂ

ಚಳಿ ಶುರುವಾಯಿತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಮನೆಗಳಲ್ಲಿ ನೀಲಗಿರಿ ಎಣ್ಣೆಯ ಸೀಸೆ ಹೊರಬರುತ್ತದೆ. ಹಿಂದೆಯೇ ಹಬೆಪಂಡಿತರೂ ಹೊರಬರುತ್ತಾರೆ. ನೀರು ಕೊತಕೊತ ಕುದಿಯುವಾಗಲೇ ಎಣ್ಣೆ ಸುರಿಯಬೇಕು, ಕಣ್ಣಲ್ಲಿ ನೀರು ಬರುವಷ್ಟು ಸುರಿಯಬೇಕು ಎಂಬುದು ಅವರ ಶಾಸ್ತ್ರ. ಒಲೆಯ ಮೇಲಿನ ಪಾತ್ರೆಗೆ ಬಿದ್ದ ಎಣ್ಣೆ ಹಬೆಯ ಜೊತೆ ಹಾರಿಹೋಗುತ್ತದೆ. ಅದರಿಂದ ಅಡುಗೆಮನೆಯ ಸೂರಿನ ನೆಗಡಿ ವಾಸಿಯಾದೀತು, ಮೂಗಿನದಲ್ಲ. ನೀರನ್ನು ಇಳಿಸಿ, ಕುದಿ ಅಡಗಿದ ಮೇಲೆ ಅಗಲ ಬೋಗುಣಿಗೆ ಬಗ್ಗಿಸಿ, ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ ಬಾಗಬೇಕು. ಆಗ ಏಳುವ ಘಮ, ಕರ್ಪೂರಕ್ಕೆ ನಂಟು, ತುದಿಯಲ್ಲಿ ತುಸು ಸಿಹಿ, ನಾಲ್ಕು ಉಸಿರಿನಷ್ಟು ಹೊತ್ತು ನಿಚ್ಚಳವಾಗಿರುತ್ತದೆ. ಹತ್ತು ಹನಿ ಬಿಟ್ಟರೆ ಉಳಿಯುವುದು ಆಸ್ಪತ್ರೆಯ ವರಾಂಡದ ವಾಸನೆ.

ಹೆಚ್ಚು ಹಾಕಿದರೆ ಮೂಗು ಬೇಗ ಬಿಡುತ್ತದಲ್ಲ ಎನ್ನುತ್ತಾರೆ. ಬಿಡುವುದಿಲ್ಲ. ಕರ್ಪೂರ, ಮೆಂಥಾಲ್, ನೀಲಗಿರಿಗಳ ಆವಿಯನ್ನು ಪರೀಕ್ಷಿಸಿ 1983ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಾಳಿಗೆ ಮೂಗೊಳಗಿನ ತಡೆ ಕಡಿಮೆಯಾಗಲಿಲ್ಲ. ಮೂಗು ತೆರೆದಂತೆ ಅನಿಸಿತು, ಅಷ್ಟೆ. ತಂಪನ್ನು ಗ್ರಹಿಸುವ ನರಗಳು ಕೆರಳಿದ್ದರ ಫಲ ಅದು. ಆ ಅನಿಸಿಕೆಯೇ ಸುಖವೆಂದು ಒಪ್ಪೋಣ, ಅದಕ್ಕೆ ಒಂದು ಹನಿ ಧಾರಾಳ. ಇನ್ನು ಕೆಲವರು ಹೊಸಕೋಟೆಯ ತೋಪಿನಿಂದ ಸೊಪ್ಪು ಮುರಿದು ತಂದು ಕುದಿಸಿ, ಅಂಗಡಿಯವನಿಗೆ ಟೋಪಿ ಹಾಕಿದೆವೆಂದು ಬೀಗುತ್ತಾರೆ. ಔಷಧದ ಎಣ್ಣೆಗೆ ಹೆಸರಾದದ್ದು ಊಟಿ ಕಡೆಯ ಗ್ಲಾಬ್ಯುಲಸ್ ಜಾತಿ. ನಮ್ಮ ಬಯಲಿನದು ನಂದಿಬೆಟ್ಟದಿಂದ ಹಬ್ಬಿದ ಮೈಸೂರು ಗಮ್, ಕಾಗದದ ತಿರುಳಿಗೂ ಸೌದೆಗೂ ನೆಟ್ಟದ್ದು. ರಾಗಿ ಹೊಲಗಳನ್ನು ನುಂಗಿದ ಈ ಮರವನ್ನು ಹೊಸದಾಗಿ ನೆಡಬಾರದೆಂದು ಸರ್ಕಾರ 2017ರಲ್ಲಿ ನಿಷೇಧಿಸುವ ಹೊತ್ತಿಗೆ ಬಾವಿಗಳು ಬತ್ತಿ ಯಾವ ಕಾಲವಾಗಿತ್ತೋ!

ಇಷ್ಟರವರೆಗೆ ತಮಾಷೆ. ‘ಗಿಡದ್ದು ತಾನೇ, ಏನೂ ಆಗಲ್ಲ’ ಎಂಬ ಮಾತಿಗೆ ಮಾತ್ರ ನಗು ಬರುವುದಿಲ್ಲ. ಹೊಗೆಸೊಪ್ಪು, ದತ್ತೂರಿಗಳೂ ಗಿಡವೇ. ನೀಲಗಿರಿ ಎಣ್ಣೆಯ ಆವಿ ಸೇದಿದ್ದರಿಂದಲೇ ಫಿಟ್ಸ್ ಬಂದವರ ಬಗ್ಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು 2017ರಲ್ಲೇ ವರದಿ ಪ್ರಕಟಿಸಿದ್ದಾರೆ. ಆ ರೋಗಿಗಳು ಕುಡಿದವರಲ್ಲ, ಮೂಸಿದವರು. ಕುಡಿದರಂತೂ ಕೆಲವೇ ಮಿಲಿಲೀಟರ್ ಸಾಕು, ಮಗು ಎಚ್ಚರ ತಪ್ಪಬಹುದು. ತಲತಲಾಂತರದಿಂದ ಹಚ್ಚುತ್ತಿದ್ದೇವೆ ಎನ್ನುವವರು ಎಷ್ಟು ಹಚ್ಚುತ್ತಿದ್ದೆವೆಂದು ಹೇಳಲಿ. ಮೈನೋವಿಗೆ ಎರಡು ಚಮಚ ಕೊಬ್ಬರಿ ಎಣ್ಣೆಗೆ ಹತ್ತು ಹನ್ನೆರಡು ಹನಿ ಬೆರೆಸಿದರೆ ಸಾಕು. ಬರಿ ಎಣ್ಣೆ ಚರ್ಮ ಸುಡುತ್ತದೆ. ಕೂಸುಗಳ ಮೂಗಿಗೆ, ಮುಖಕ್ಕೆ ಸವರಲೇಬೇಡಿ. ಫಿಟ್ಸ್ ಇರುವವರಿದ್ದರೆ ಸೀಸೆಯನ್ನು ಮನೆಯೊಳಗೇ ತರಬೇಡಿ. ಮಗು ಅಕಸ್ಮಾತ್ ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಸೀಸೆಯ ಸಮೇತ ಆಸ್ಪತ್ರೆಗೆ ಓಡಿ.