ನೆಲವಿತ್ತ ನಾಡು

ಹಸಿದು ಬಂದವರಿಗೆ ಅನ್ನವಿಕ್ಕುವುದು ತುಮಕೂರು ಸೀಮೆಗೆ ಹೊಸದಾದ ಮಾತಲ್ಲ. ಗುಬ್ಬಿ, ಕುಣಿಗಲ್ ಕಡೆಯ ಬಡ ಒಕ್ಕಲು ಮಕ್ಕಳು ಸಣ್ಣದೊಂದು ಬಟ್ಟೆಗಂಟಿನೊಡನೆ ಸಿದ್ಧಗಂಗೆಗೆ ಬಂದು ಸೇರಿದುದನ್ನು ಈ ಪ್ರಾಂತದ ಹಿರಿಯರೆಲ್ಲ ಬಲ್ಲರು. 1941ರಲ್ಲಿ ಮಠದ ಹೊಣೆಯನ್ನು ಹೊತ್ತು, 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಬಂದ ಮಗುವಿನ ಜಾತಿ ಮತಗಳನ್ನು ವಿಚಾರಿಸದೆ ಪಂಕ್ತಿಯಲ್ಲಿ ಕೂರಿಸಿದರು. ಅಷ್ಟಕ್ಕೇ ನಿಲ್ಲದೆ ಅನ್ನದ ಜೊತೆಗೆ ಅಕ್ಷರವನ್ನೂ ಇತ್ತರು. ಉಂಡವನು ಮುಂದೆ ತಾನೇ ದುಡಿದು, ನಾಲ್ವರಿಗೆ ಉಣಿಸುವಂತಾದಾಗಲೇ ದಾಸೋಹವು ಪೂರ್ಣವಾಗುವುದು. ವ್ಯಕ್ತಿಗೆ ಸಲ್ಲುವ ಈ ಮಾತು ನಾಡಿಗೂ ಸಲ್ಲುತ್ತದೆಯೆಂಬುದಕ್ಕೆ ಕನ್ನಡ ನಾಡಿನ ಚರಿತ್ರೆಯಲ್ಲಿಯೇ ನಿದರ್ಶನವುಂಟು.

ನೆಲೆ ತಪ್ಪಿದ ಜನರ ಯೋಗಕ್ಷೇಮವು ಇಡೀ ಲೋಕದ ಹೊಣೆಯೆಂಬ ಭಾವನೆ ಆಡಳಿತದ ರೂಪವನ್ನು ತಳೆದುದು ಮೊದಲ ಮಹಾಯುದ್ಧದ ಅನಂತರ. 1921ರಲ್ಲಿ ರಾಷ್ಟ್ರಸಂಘವು ನಾರ್ವೆ ದೇಶದ ಧ್ರುವಾನ್ವೇಷಕ ಫ್ರಿಟ್ಯೋಫ್ ನಾನ್ಸೆನ್ನರನ್ನು ನಿರಾಶ್ರಿತರ ಹೈಕಮಿಷನರನ್ನಾಗಿ ನೇಮಿಸಿತು. ರಷ್ಯವನ್ನು ತೊರೆದು ಬಂದ ಲಕ್ಷಾಂತರ ಜನರ ಬಳಿ ಅವರು ಇಂಥವರೆಂದು ಹೇಳುವ ಒಂದು ಕಾಗದವೂ ಇರಲಿಲ್ಲ. ನಾನ್ಸೆನ್ನರು ಅವರಿಗೊಂದು ಗುರುತಿನ ಪತ್ರವನ್ನು ರೂಪಿಸಿದರು. ಕಾಲಕ್ರಮದಲ್ಲಿ ಐವತ್ತಕ್ಕೂ ಹೆಚ್ಚು ರಾಷ್ಟ್ರಗಳು ಅದನ್ನು ಮನ್ನಿಸಿದವು. ದೂರದ ಯೂರೋಪಿನಲ್ಲಿ ಹುಟ್ಟಿದ ಈ ಪ್ರಶ್ನೆ ನಾಲ್ಕು ದಶಕಗಳೊಳಗೆ ಮೈಸೂರು ರಾಜ್ಯದ ಬಾಗಿಲಿಗೂ ಬಂದಿತು.

1959ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಅವರು ಲ್ಹಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರನ್ನು ಹಿಂಬಾಲಿಸಿ ಸುಮಾರು 80,000 ಟಿಬೆಟ್ಟಿಗರು ಹಿಮದ ಕಣಿವೆಗಳನ್ನು ದಾಟಿದರು. ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ತಾತ್ಕಾಲಿಕ ಆಸರೆ ದೊರೆಯಿತು. ಹಲವರು ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕೂಲಿಗಳಾದರು. ಆದರೆ ಶಿಬಿರದ ಗಂಜಿ ಎಷ್ಟು ದಿನ? ನೆಲ ಕೊಡಬಲ್ಲಿರಾ ಎಂದು ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೇಳಿದರು. ಉದಾರವಾಗಿ ಕೈಯೆತ್ತಿದ ರಾಜ್ಯ ಮೈಸೂರು.

ಈ ಔದಾರ್ಯದ ಕೀರ್ತಿಯನ್ನು ಜನರು ಎಸ್. ನಿಜಲಿಂಗಪ್ಪನವರ ಹೆಸರಿನೊಡನೆ ನೆನೆಯುವುದು ವಾಡಿಕೆ. 2018ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಟಿಬೆಟ್ಟಿಗರು ಕರ್ನಾಟಕಕ್ಕೆ ಕೃತಜ್ಞತೆ ಸಲ್ಲಿಸಿದ ಸಮಾರಂಭದಲ್ಲಿ ದಲೈ ಲಾಮಾ ಅವರೂ ಅವರನ್ನು ಸ್ಮರಿಸಿದರು. ಅದು ಯೋಗ್ಯವೇ. ಆದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ನೀಡಿ 1960-61ರಲ್ಲಿ ಮೊದಲ ವಸತಿಯನ್ನು ಆರಂಭಿಸಿದಾಗ ಮುಖ್ಯಮಂತ್ರಿಗಳಾಗಿದ್ದವರು ಬಿ. ಡಿ. ಜತ್ತಿಯವರು, ಮುಂದೆ ಬಸವ ಸಮಿತಿಯನ್ನು ಸ್ಥಾಪಿಸಿ, ದೇಶದ ಉಪರಾಷ್ಟ್ರಪತಿಗಳೂ ಆದವರು. ನಿಜಲಿಂಗಪ್ಪನವರ ಎರಡನೆಯ ಅವಧಿಯಲ್ಲಿ, 1966ರಲ್ಲಿ, ಮುಂಡಗೋಡಿನ ವಸತಿ ತಲೆಯೆತ್ತಿತು. ಒಬ್ಬರು ತೆರೆದ ಬಾಗಿಲನ್ನು ಮತ್ತೊಬ್ಬರು ಮುಚ್ಚಲಿಲ್ಲ. ಪುಣ್ಯವನ್ನು ಇಬ್ಬರಿಗೂ ಹಂಚುವುದೇ ನ್ಯಾಯ. 1956ರಲ್ಲಿ ಒಂದುಗೂಡಿದ ರಾಜ್ಯವದು. ತನ್ನ ಮನೆಯನ್ನೇ ಇನ್ನೂ ಓರಣಗೊಳಿಸುತ್ತಿದ್ದ ಕಾಲ.

ಕೊಟ್ಟ ನೆಲವೇನೂ ಹಸನಾದ ಗದ್ದೆಯಾಗಿರಲಿಲ್ಲ. ಅದು ಕಾಡು. ಚಳಿಯ ನಾಡಿನಿಂದ ಬಂದವರು ದಕ್ಷಿಣದ ಬಿಸಿಲಿನಲ್ಲಿ ಗುಡಾರ ಹೂಡಿ, ಮರ ಕಡಿದು, ಬೇರು ಕಿತ್ತು, ತಲೆಗೆ ಒಂದು ಎಕರೆಯಂತೆ ಹಂಚಿಕೊಂಡ ಭೂಮಿಯಲ್ಲಿ ಮೆಕ್ಕೆಜೋಳ ಬೆಳೆದರು. ಬೆಳೆದ ಪೈರಿಗೆ ಆನೆಗಳು ಬಂದವು. ಕ್ಷಯ ಮೊದಲಾದ ರೋಗಗಳು ಕಾಡಿದವು. ಆದರೂ ಶಾಲೆಗಳು ಎದ್ದವು, ಸಹಕಾರ ಸಂಘಗಳು ನಿಂತವು, ಸೇರಾ ವಿದ್ಯಾಪೀಠವು ಬೈಲಕುಪ್ಪೆಯಲ್ಲಿಯೂ, ಗಾದೆನ್ ಮತ್ತು ಡ್ರೆಪುಂಗ್ ವಿದ್ಯಾಪೀಠಗಳು ಮುಂಡಗೋಡಿನಲ್ಲಿಯೂ ಮರುಹುಟ್ಟು ಪಡೆದವು. ಹುಣಸೂರಿನ ಗುರುಪುರ, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯಗಳಲ್ಲಿಯೂ ವಸತಿಗಳಾದವು.

ಈ ಕಾರ್ಯದಲ್ಲಿ ನೆರವಾಗಲೆಂದೇ 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು; ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆಯೆಂದು ಅದರ ಹೆಸರಿನ ಅರ್ಥ. ಟಿಬೆಟ್ಟಿಗರು ನೆಲೆಗೊಂಡ ಮೇಲೆ ಅದು ಬಾಗಿಲು ಹಾಕಲಿಲ್ಲ. ಅಲ್ಲಿ ಪಡೆದ ಅನುಭವದೊಡನೆ ಕನ್ನಡ ನಾಡಿನ ಬಡ ಹಳ್ಳಿಗಳತ್ತ ತಿರುಗಿತು. ಅಲ್ಲಿ ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಜನರು ಕೂಡಿ ಉಳಿತಾಯ ಮಾಡಿ ಸಾಲ ಕೊಟ್ಟುಕೊಳ್ಳುವುದನ್ನು 1980ರ ದಶಕದ ಮಧ್ಯದಲ್ಲಿ ಕಂಡು, ಅದನ್ನು ಬೆಳೆಸಿತು. 1987ರಲ್ಲಿ ನಬಾರ್ಡ್ ಆ ಪ್ರಯೋಗಕ್ಕೆ ಧನಸಹಾಯವಿತ್ತಿತು; 1992ರಲ್ಲಿ ಇಂಥ ಗುಂಪುಗಳಿಗೆ ಬ್ಯಾಂಕುಗಳು ಸಾಲ ಕೊಡುವ ಯೋಜನೆ ಆರಂಭವಾಯಿತು. 2000-01ರಲ್ಲಿ ಕರ್ನಾಟಕ ಸರ್ಕಾರವು ಸ್ತ್ರೀಶಕ್ತಿ ಗುಂಪುಗಳನ್ನು ರಾಜ್ಯದಾದ್ಯಂತ ಕಟ್ಟಿತು. ಇಂದು ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಯ ಜಗಲಿಯಲ್ಲಿ ಕುಳಿತು ವಾರದ ಉಳಿತಾಯವನ್ನು ಪುಸ್ತಕಕ್ಕೆ ಬರೆಸುವ ತಾಯಂದಿರಿಗೆ ಈ ವಂಶವೃಕ್ಷದ ಅರಿವು ಇರಲಾರದು. ಅದರ ಬೇರುಗಳು ಹಲವು. ಅವುಗಳಲ್ಲಿ ಒಂದು ನಿರಾಶ್ರಿತರ ಸೇವೆಗೆಂದು ಊರಿದ್ದು. ಅತಿಥಿಗೆಂದು ತೋಡಿದ ಬಾವಿಯ ನೀರು ಮನೆಯವರಿಗೂ ಒದಗಿತು.

ಹಾಗೆಂದು ಈ ಕಾರ್ಯ ಪೂರ್ಣವಾಯಿತೆಂದು ಬೀಗುವಂತಿಲ್ಲ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲ; ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ವಸತಿಗಳ ಭೂಮಿ ಗೇಣಿಯದೇ ಹೊರತು ಸ್ವಂತದ್ದಲ್ಲ. ಇಲ್ಲಿಯೇ ಹುಟ್ಟಿ, ಕನ್ನಡವಾಡುತ್ತ ಬೆಳೆದವರಲ್ಲಿ ಅನೇಕರು ವಿದೇಶಿಯರೆಂಬ ನೋಂದಣಿ ಪತ್ರವನ್ನು ನವೀಕರಿಸುತ್ತಲೇ ಇರಬೇಕು. ತಾಯ್ನಾಡಿಗೆ ಮರಳುವ ಆಸೆಯಿಂದ ಪೌರತ್ವವನ್ನು ಬಯಸದವರೂ ಅವರಲ್ಲಿದ್ದಾರೆ. ಆದರೆ ಬಯಸಿದವರ ದಾರಿಯೂ ಸುಗಮವಾಗಿಲ್ಲ. ನಾನ್ಸೆನ್ನರು ಮೊದಲು ಕಾಗದದ ಚಿಂತೆ ಮಾಡಿದುದೇಕೆಂಬುದು ಇಲ್ಲಿ ಅರ್ಥವಾಗುತ್ತದೆ. ಕನ್ನಡ ನಾಡು ಮೊದಲು ನೆಲವಿತ್ತಿತು. ಕಾಗದದ ಮಾತು ಇನ್ನೂ ಉಳಿದಿದೆ.

ದಾಸೋಹದಲ್ಲಿ ಬಡಿಸುವವನು ಎಲೆಗಳನ್ನು ನೋಡಬೇಕೇ ಹೊರತು ತನ್ನ ಕೈಯನ್ನಲ್ಲ. ಜತ್ತಿಯವರ, ನಿಜಲಿಂಗಪ್ಪನವರ ಕಾಲದ ಆ ಔದಾರ್ಯವನ್ನು ಕೊಂಡಾಡುವವರು, ಪಂಕ್ತಿಯಲ್ಲಿ ಇನ್ನೂ ಯಾರ ಎಲೆ ಬರಿದಾಗಿದೆಯೆಂಬುದನ್ನು ನೋಡುತ್ತಲಿರಬೇಕು. ಮಠದ ನೆರಳಿನಲ್ಲಿ ಉಂಡು ಓದಿ, ಇಂದು ಅಧಿಕಾರದ, ಅಧ್ಯಾಪನದ, ವ್ಯಾಪಾರದ ಸ್ಥಾನಗಳಲ್ಲಿರುವ ಸಾವಿರಾರು ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.