ಬಿಸಿ ಇದ್ದಾಗ ಚಾಲೂ ಆಗದ ಗಾಡಿ

(1/6)
ಹೋದ ವಾರ ಸ್ಟೋರಿಯಲ್ಲಿ ಅಪ್ಪನ ಪಿಕಪ್ ಗಾಡಿಯ ಫೋಟೊ ಹಾಕಿದ್ದೆ. "ಏನಾಗಿತ್ತಲೇ ಗಾಡಿಗೆ?" ಅಂತ ಬಹಳ ಮಂದಿ ಮೆಸೇಜ್ ಮಾಡಿದ್ರಿ. ಒಂದೇ ಮಾತಲ್ಲಿ ಮುಗಿಯೋ ಕತೆ ಅಲ್ಲ, ಅದಕ್ಕೇ ಆರು ಭಾಗ ಮಾಡಿ ಬರೀತಿದ್ದೀನಿ. ನಿಮ್ಮ ಮನೆಯಲ್ಲೂ ಹಳೇ ಡೀಸೆಲ್ ಗಾಡಿ ಇದ್ರೆ ಸೇವ್ ಮಾಡಿ ಇಟ್ಕೊಳ್ಳಿ.

ನಮ್ಮದು 2013ರ ಮಾಡೆಲ್, ಕಾಮನ್ ರೈಲ್ ಡೀಸೆಲ್. ಸಿಂಧನೂರಿನ ಮಿಲ್ಲಿನಿಂದ ಅಕ್ಕಿ ಚೀಲ ಹೇರಿಕೊಂಡು ಮಸ್ಕಿ, ಲಿಂಗಸುಗೂರಿನ ಅಂಗಡಿಗಳಿಗೆ ಹಾಕೋದು ಅಪ್ಪನ ಕೆಲಸ. ಬೆಳಿಗ್ಗೆ ತಣ್ಣಗಿದ್ದಾಗ ಕೀಲಿ ತಿರುವಿದ ಕೂಡಲೇ ಚಾಲೂ. ಮಸ್ಕಿಯಲ್ಲಿ ಎಂಜಿನ್ ಬಂದ್ ಮಾಡಿ, ಚೀಲ ಇಳಿಸಿ, ಇಪ್ಪತ್ತು ನಿಮಿಷ ಬಿಟ್ಟು ಕೀಲಿ ತಿರುವಿದ್ರೆ ಕರ್ರ್ ಕರ್ರ್ ಅಂತ ತಿರುಗ್ತದೆ, ಹತ್ತಲ್ಲ. ಒಂದೂವರೆ ತಾಸು ಬಿಟ್ಟು ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಚಾಲೂ ಆಗ್ತದೆ.

ನಮ್ಮ ಕಡೆಯವರಿಗೆ ಗೊತ್ತು, ಬೇಸಿಗೆ ಭತ್ತ ಕೊಯ್ಲಿಗೆ ಬರೋದು ಏಪ್ರಿಲ್ ಹೊತ್ತಿಗೆ. ಎಡದಂಡೆ ಕಾಲುವೆ ನೀರು ಇದ್ರೆ ಭತ್ತ, ಭತ್ತ ಇದ್ರೆ ಬಾಡಿಗೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ರೈತರಷ್ಟೇ ನಮ್ಮಂಥ ಗಾಡಿಯವರೂ ನಿದ್ದೆಗೆಟ್ಟಿದ್ದು ಅದಕ್ಕೇ. ಕೆಲಸ ಜಾಸ್ತಿ ಇರೋ ತಿಂಗಳು ಮತ್ತು 40 ಡಿಗ್ರಿ ದಾಟೋ ತಿಂಗಳು ಎರಡೂ ಒಂದೇ. ಗಾಡಿ ಕೈ ಕೊಟ್ಟಿದ್ದೂ ಅದೇ ತಿಂಗಳು.

(2/6)
ನಾನು ಕಾಲೇಜಿನಿಂದ ಬಂದು ಗಾಡಿ ಹತ್ರ ಹೋಗೋ ಹೊತ್ತಿಗೆ ಏನೇನು ಆಗಿತ್ತು ಹೇಳ್ತೀನಿ. ಒಬ್ಬರು ಬ್ಯಾಟರಿ ಅಂದ್ರು, ಹೊಸದು ಹಾಕಿದ್ದಾಯ್ತು: 6,800. ಇನ್ನೊಬ್ಬರು ಡೀಸೆಲ್ ಫಿಲ್ಟರ್ ಅಂದ್ರು: 900. ಮತ್ತೊಬ್ಬರು ಸ್ಟಾರ್ಟರ್ ಬಿಚ್ಚಿ ಬ್ರಷ್ ಬದಲಿಸಿದ್ರು: 3,500. ಒಟ್ಟು 11,200 ರೂಪಾಯಿ. ಗಾಡಿ ಹಂಗೇ ಇತ್ತು. ಕೊನೆಗೆ ಒಂದು ಗ್ಯಾರೇಜಿನಲ್ಲಿ "ಪಂಪು, ನಾಲ್ಕೂ ಇಂಜೆಕ್ಟರ್ ಹೋಗ್ಯಾವು, 52,000 ಆಗ್ತೈತಿ" ಅಂದ್ರು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದ್ದು: "ತಮ್ಮಾ, ಇದನ್ನ ಬಂದ ರೇಟಿಗೆ ಕೊಟ್ಟು ನಾ ಬೆಂಗಳೂರಿಗೆ ಡ್ರೈವರಿಕಿಗೆ ಹೋಗ್ತೀನಿ. ನೀ ಓದು ಬಿಡಬ್ಯಾಡ." ಅವ್ವ ಏನೂ ಮಾತಾಡಲಿಲ್ಲ, ರೊಟ್ಟಿ ಹಾಕಿ ಒಳಗೆ ಹೋದಳು.

ನನಗೆ ಎಂಜಿನ್ ಬಗ್ಗೆ ಡಿಗ್ರಿ ಇಲ್ಲ. ಆದ್ರೆ ಕಾಸ್ಟಿಂಗ್ ಕ್ಲಾಸಿನಲ್ಲಿ ಹೇಳಿಕೊಟ್ಟ ಒಂದು ಮಾತು ಗೊತ್ತು: ಆಗಿಹೋದ ಖರ್ಚು ಮುಂದಿನ ತೀರ್ಮಾನಕ್ಕೆ ಲೆಕ್ಕಕ್ಕಿಲ್ಲ. 11,200 ಹೋಯ್ತು, ಹೋಯ್ತು. ಈಗ ಕೇಳಬೇಕಾದ ಪ್ರಶ್ನೆ ಒಂದೇ. 52,000 ಹಾಕೋ ಮುಂಚೆ ಅತಿ ಕಡಿಮೆ ದುಡ್ಡಲ್ಲಿ ಯಾವ ಪರೀಕ್ಷೆ ಮಾಡಿದ್ರೆ ಎಷ್ಟು ಅನುಮಾನ ಕಳೀತದೆ? ಅಪ್ಪನ ಹತ್ರ ಒಂದು ವಾರ ಟೈಮ್ ಕೇಳಿದೆ. "ಒಂದು ವಾರ ಅಷ್ಟೇ ನೋಡು" ಅಂದ್ರು.

(3/6)
ಸ್ವಲ್ಪ ಥಿಯರಿ, ಬೋರ್ ಆಗಲ್ಲ, ಓದಿ.

ಎಂಜಿನ್ ಬಂದ್ ಮಾಡಿದ ಕೂಡಲೇ ತಣ್ಣಗಾಗಲ್ಲ. ಫ್ಯಾನ್ ನಿಂತಿತು, ನೀರು ತಿರುಗೋದು ನಿಂತಿತು, ಓಡುವಾಗ ಬರ್ತಿದ್ದ ಗಾಳಿನೂ ನಿಂತಿತು. ಒಳಗಿನ ಕಾವು ಸುತ್ತಲಿನ ಪಂಪು, ಪೈಪು, ಸೆನ್ಸರ್, ಸ್ಟಾರ್ಟರ್‌ಗೆ ಏರ್ತದೆ. ಅಂದ್ರೆ ನಿಲ್ಲಿಸಿದ ಹತ್ತಿಪ್ಪತ್ತು ನಿಮಿಷಕ್ಕೆ ಆ ಸಾಮಾನುಗಳು ಓಡುವಾಗಿಗಿಂತ ಜಾಸ್ತಿ ಕಾದಿರ್ತಾವೆ. ಒಲೆ ಆರಿಸಿದ ಮೇಲೂ ಹಂಚು ರೊಟ್ಟಿ ಸುಡ್ತದಲ್ಲ, ಹಂಗೇ.

ಕಾಮನ್ ರೈಲ್ ಅಂದ್ರೆ, ಒಂದು ಪಂಪು ಡೀಸೆಲನ್ನ ದಪ್ಪ ಕೊಳವೆಯೊಳಗೆ ಭಾರೀ ಒತ್ತಡದಲ್ಲಿ ತುಂಬಿಡ್ತದೆ. ಅಲ್ಲಿಂದ ನಾಲ್ಕೂ ಇಂಜೆಕ್ಟರ್‌ಗೆ ಹೋಗ್ತದೆ. ಯಾವಾಗ ಎಷ್ಟು ಚಿಮ್ಮಬೇಕು ಅನ್ನೋದನ್ನ ಕಂಪ್ಯೂಟರ್ ಹೇಳ್ತದೆ. ಸ್ಟಾರ್ಟರ್ ತಿರುಗಿಸುವಾಗ ರೈಲಿನ ಒತ್ತಡ ಒಂದು ಮಟ್ಟ ಮುಟ್ಟೋ ತನಕ ಕಂಪ್ಯೂಟರ್ ಇಂಜೆಕ್ಟರ್ ತೆಗೆಯೋದೇ ಇಲ್ಲ. ಆ ಮಟ್ಟ ಸುಮಾರು 200 ಬಾರ್ ಆಸುಪಾಸು, ಗಾಡಿಯಿಂದ ಗಾಡಿಗೆ ಬೇರೆ.

ಡೀಸೆಲ್ ಕಾದ್ರೆ ತೆಳ್ಳಗಾಗ್ತದೆ. ಸವೆದ ಇಂಜೆಕ್ಟರ್ ಇದ್ರೆ ತೆಳ್ಳಗಿನ ಡೀಸೆಲ್ ಸಂದಿಯಿಂದ ವಾಪಸ್ ಪೈಪಿಗೆ ಸೋರ್ತದೆ, ಒತ್ತಡ ಏರಲ್ಲ. ತಣ್ಣಗಿದ್ದಾಗ ದಪ್ಪ ಇರ್ತದೆ, ಸೋರಿಕೆ ಕಡಿಮೆ, ಚಾಲೂ ಆಗ್ತದೆ.

"ಡೀಸೆಲ್ ಲೈನಿನ್ಯಾಗ ಗಾಳಿ ಹಿಡದೈತಿ" ಅಂತ ಹೇಳೋರು ಪ್ರತಿ ಊರಲ್ಲೂ ಒಬ್ಬರು ಸಿಗ್ತಾರೆ. ಲೈನಿಗೆ ಗಾಳಿ ಸೇರ್ತಿದ್ರೆ ರಾತ್ರಿಯೆಲ್ಲಾ ನಿಂತ ಗಾಡಿ ಬೆಳಿಗ್ಗೆನೇ ಮೊದಲು ಕಾಡಬೇಕಿತ್ತು. ನಮ್ಮದು ಬೆಳಿಗ್ಗೆ ಬಂಗಾರದಂಥ ಗಾಡಿ.

(4/6)
ಅಪ್ಪನ ಸಂಗಡ ನಾಲ್ಕು ದಿನ ಹೋದೆ. ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿದೆ: ಊರು, ಎಷ್ಟೊತ್ತಿಗೆ ಬಂದ್ ಮಾಡಿದ್ದು, ಎಷ್ಟು ನಿಮಿಷ ನಿಂತಿದ್ದು, ಚಾಲೂ ಆಯ್ತಾ ಇಲ್ವಾ. (ಎರಡನೇ ಫೋಟೊ ಅದೇ, ಕೈಬರಹಕ್ಕೆ ನಗಬೇಡಿ.) ಎರಡು ನಿಮಿಷದೊಳಗೆ ತಿರುವಿದ್ರೆ ಕಷ್ಟಪಟ್ಟು ಹತ್ತುತ್ತಿತ್ತು. ಹದಿನೈದರಿಂದ ನಲವತ್ತು ನಿಮಿಷದ ನಡುವೆ ಒಂದು ಸಲಾನೂ ಹತ್ತಲಿಲ್ಲ.

ನನ್ನ ಅನುಮಾನ ಮೂರು. ಒಂದು, ಎಂಜಿನ್ ತಿರುಗ್ತಿರೋದನ್ನ ಕಂಪ್ಯೂಟರ್‌ಗೆ ತಿಳಿಸೋ ಕ್ರ್ಯಾಂಕ್ ಸೆನ್ಸರ್. ಇದು ಕಾದಾಗ ಸತ್ತು, ತಣ್ಣಗಾದಾಗ ಎದ್ದು ಕೂರೋದು ಬಹಳ ಗಾಡಿಗಳಲ್ಲಿ ಇರೋ ಕಾಯಿಲೆ. ಎರಡು, ಸ್ಟಾರ್ಟರ್ ನಿಧಾನ ತಿರುಗೋದು. ಮೂರು, ಒತ್ತಡ ಸೋರೋದು.

ಮೊದಲ ಪರೀಕ್ಷೆಗೆ ಖರ್ಚು ಸೊನ್ನೆ. ಮಸ್ಕಿಯಲ್ಲಿ ಚೀಲ ಇಳಿಸಿ ಗಾಡಿ ಖಾಲಿ ಆದ ಮೇಲೆ, ಚಾಲೂ ಆಗದಿದ್ದಾಗ, ಹಮಾಲರಿಗೆ "ಕಾಕಾ, ಸ್ವಲ್ಪ ದೂಕ್ರಿ" ಅಂದೆ. ಅಪ್ಪ ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಹತ್ತಿತು.

ಇದರ ಅರ್ಥ ನೋಡಿ. ಸೆನ್ಸರ್ ಸತ್ತಿದ್ರೆ ದೂಕಿದ್ರೂ ಹತ್ತಬಾರದು, ಯಾಕಂದ್ರೆ ಕಂಪ್ಯೂಟರ್‌ಗೆ ಎಂಜಿನ್ ತಿರುಗ್ತಿರೋದೇ ಗೊತ್ತಾಗಲ್ಲ. ದೂಕಿದಾಗ ಆಗಿದ್ದು ಎರಡೇ: ಎಂಜಿನ್ ಜೋರಾಗಿ ತಿರುಗಿ ಪಂಪು ಜಾಸ್ತಿ ಒತ್ತಡ ಕೊಟ್ಟಿತು, ಮತ್ತೆ ಸ್ಟಾರ್ಟರ್ ಬ್ಯಾಟರಿಯ ಕರೆಂಟ್ ಎಳೀಲಿಲ್ಲ. ಅಂದ್ರೆ ಮೊದಲ ಅನುಮಾನ ಹೊರಗೆ. ಒಂದು ಚಹಾದ ಖರ್ಚಲ್ಲಿ, ಅದೂ ಹಮಾಲ ಕಾಕಾಗಳಿಗೆ.

(ಹೊಸ ಮಾಡೆಲ್ ಗಾಡಿ ಇರೋರು ದೂಕೋ ಮುಂಚೆ ಮ್ಯಾನುಯಲ್ ಓದಿ. ಎಲ್ಲಾ ಗಾಡಿಗೂ ಇದು ಸರಿ ಅಲ್ಲ.)

(5/6)
ಲಿಂಗಸುಗೂರಿನಲ್ಲಿ ಸ್ಕ್ಯಾನರ್ ಇಟ್ಟಿರೋ ಒಬ್ಬ ಮಿಸ್ತ್ರಿ ಇದ್ದಾರೆ. 500 ರೂಪಾಯಿ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಒಂದು ಸಲ, ಮಧ್ಯಾಹ್ನ ಕಾದಾಗ ಒಂದು ಸಲ ಹಚ್ಚಿ ತೋರಿಸಿದ್ರು. ಸ್ಟಾರ್ಟರ್ ತಿರುಗುವಾಗಿನ ಅಂಕಿ ಹೀಗಿತ್ತು:

ತಣ್ಣಗೆ: 190 ಆರ್‌ಪಿಎಂ, 260 ಬಾರ್
ಬಿಸಿ: 130 ಆರ್‌ಪಿಎಂ, 140 ಬಾರ್

ಒತ್ತಡ ಕಡಿಮೆ ಅಂತ ನೋಡಿ ಪಂಪು ಬಿಚ್ಚೋರು ಇಲ್ಲೇ ಬಿಚ್ತಾರೆ. ಆದ್ರೆ ಪಂಪು ತಿರುಗೋದೇ ನಿಧಾನ ಆದ್ರೆ ಒತ್ತಡ ಎಲ್ಲಿಂದ ಬರಬೇಕು? ಬ್ಯಾಟರಿ ಹೊಸದು, ಸ್ಟಾರ್ಟರ್ ರಿಪೇರಿ ಆಗಿದೆ. ಉಳಿದಿದ್ದು ವೈರು.

ಮಿಸ್ತ್ರಿ ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಕಬ್ಬಿಣಕ್ಕೆ ಹಿಡಿದು "ಹೊಡಿ ಸೆಲ್ಫ್" ಅಂದ್ರು. 1.3 ವೋಲ್ಟ್. ಅರ್ಧ ವೋಲ್ಟ್ ಒಳಗಿರಬೇಕಾದದ್ದು. ಎಂಜಿನ್‌ನಿಂದ ಬ್ಯಾಟರಿಗೆ ವಾಪಸ್ ಬರೋ ಅರ್ಥ್ ವೈರಿನ ತುದಿ ಹಸಿರು ಕಿಲುಬು ಹಿಡಿದು, ಎಳೆಗಳು ಅರ್ಧ ಕಡಿದಿದ್ದವು. ತಾಮ್ರ ಕಾದಷ್ಟೂ ಕರೆಂಟಿಗೆ ಅಡ್ಡಿ ಜಾಸ್ತಿ ಆಗ್ತದೆ, ಮೊದಲೇ ಸೊರಗಿದ ವೈರಿಗೆ ಅಷ್ಟು ಸಾಕು. ಹೊಸ ವೈರ್ 450, ಕೂಲಿ 200.

ಬಿಸಿ ಇದ್ದಾಗಲೂ ಹತ್ತಿತು. ಅಪ್ಪನ ಮುಖ ನೋಡಬೇಕಿತ್ತು ನೀವು. ಆದ್ರೂ ಐದಾರು ಸೆಕೆಂಡ್ ತಿರುಗಿದ ಮೇಲೇ ಹತ್ತುತ್ತಿತ್ತು. ಮಿಸ್ತ್ರಿ ಅಂದ್ರು, "ಇನ್ನೊಂದು ಕಳ್ಳ ಅದಾನ, ಬಾಟ್ಲಿ ಹಚ್ಚಿ ನೋಡೂಣು." ನಾಲ್ಕೂ ಇಂಜೆಕ್ಟರ್‌ನ ವಾಪಸ್ ಪೈಪಿಗೆ ಒಂದೊಂದು ಸಣ್ಣ ಬಾಟ್ಲಿ ಕಟ್ಟಿ, ಎಂಜಿನ್ ಒಂದು ನಿಮಿಷ ಓಡಿಸಿದ್ರು: 22, 24, 61, 23 ಮಿಲಿ. ಮೂರನೆಯದು ಸೋರ್ತಿತ್ತು. ಉಳಿದ ಮೂರೂ ಸರಿ ಇದ್ವು. ಪಂಪಿಗೆ ಕೈ ಹಚ್ಚೋ ಕೆಲಸಾನೇ ಬೀಳಲಿಲ್ಲ.

(6/6)
ಲೆಕ್ಕ ಹೇಳ್ತೀನಿ, ಬಿಕಾಂ ಹುಡುಗ ಅಲ್ವಾ.

ಸ್ಕ್ಯಾನರ್ 500, ವೈರ್ ಮತ್ತು ಕೂಲಿ 650, ಬಾಟ್ಲಿ ಪರೀಕ್ಷೆ 600, ಒಂದು ಇಂಜೆಕ್ಟರ್ ರಿಪೇರಿ 6,500. ಒಟ್ಟು 8,250. ಗ್ಯಾರೇಜ್ ಹೇಳಿದ್ದು 52,000.

ಇನ್ನೊಂದು ಖರ್ಚು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚಾಲೂ ಆಗಲ್ಲ ಅಂತ ಅಪ್ಪ ಚೀಲ ಇಳಿಸುವಾಗ ಎಂಜಿನ್ ಬಂದ್ ಮಾಡೋದೇ ಬಿಟ್ಟಿದ್ರು. ದಿನಕ್ಕೆ ಎರಡು ತಾಸು ಸುಮ್ಮನೆ ಓಡ್ತಿತ್ತು. ಒಂದೂವರೆ ಲೀಟರ್ ಹಿಡೀರಿ, ಲೀಟರಿಗೆ 90 ಅಂದ್ರೂ ದಿನಕ್ಕೆ 135, ತಿಂಗಳಿಗೆ 25 ದಿನ ಅಂದ್ರೆ 3,375 ರೂಪಾಯಿ. ನನ್ನ ಬಸ್ ಪಾಸು, ಪುಸ್ತಕ ಎಲ್ಲಾ ಅದರಲ್ಲೇ ಮುಗೀತಿತ್ತು.

ನೀವೇ ಪರೀಕ್ಷೆ ಮಾಡೋದಾದ್ರೆ ಮೂರು ಮಾತು. ಎತ್ತರ ಒತ್ತಡದ ಉಕ್ಕಿನ ಪೈಪಿನ ನಟ್ಟು ಎಂಜಿನ್ ಓಡುವಾಗ ಸಡಿಲ ಮಾಡಬೇಡಿ. ಓಡುವಾಗ ಅಲ್ಲಿ ಸಾವಿರ ಬಾರ್ ದಾಟಬಹುದು, ಚಿಮ್ಮೋ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗ್ತದೆ. ಹಳೇ ಗಾಡಿಗೆ ಮಾಡ್ತಿದ್ದ ಆ ಅಭ್ಯಾಸ ಇದಕ್ಕೆ ನಡೆಯಲ್ಲ. ಸೆಲ್ಫ್ ಒಂದೇ ಸಮ ಹತ್ತು ಸೆಕೆಂಡಿನ ಮೇಲೆ ಹೊಡೀಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಮತ್ತೆ ಯಾರಾದ್ರೂ "ಇದೇ ಹೋಗೈತಿ" ಅಂದ್ರೆ, ಸಿಟ್ಟಾಗದೆ ಒಂದೇ ಪ್ರಶ್ನೆ ಕೇಳಿ: "ಹೆಂಗ್ ಗೊತ್ತಾಯ್ತ್ರಿ ಕಾಕಾ?" ಅಂಕಿ ತೋರಿಸಿದ್ರೆ ದುಡ್ಡು ಕೊಡಿ. ತೋರಿಸದಿದ್ರೆ ಮುಂದಿನ ಅಂಗಡಿಗೆ ಹೋಗಿ.

ಅಪ್ಪ ಬೆಂಗಳೂರಿಗೆ ಹೋಗಲಿಲ್ಲ. ಈಗ ಅವರ ಶರ್ಟಿನ ಜೇಬಿನಲ್ಲೂ ಒಂದು ಸಣ್ಣ ನೋಟ್‌ಬುಕ್ ಇದೆ, ಡೀಸೆಲ್, ಕಿಲೋಮೀಟರ್, ರಿಪೇರಿ ಎಲ್ಲಾ ಬರೀತಾರೆ. ನಿನ್ನೆ ನನ್ನನ್ನ ಕರೆದು ಕೇಳಿದ್ರು, "ತಮ್ಮಾ, ಮಸ್ಕಿ ಟ್ರಿಪ್ಪಿಗಿಂತ ಲಿಂಗಸುಗೂರು ಟ್ರಿಪ್ಪಿನ್ಯಾಗ ಕಡಿಮಿ ಉಳಿಯಾಕತ್ತೈತಲ್ಲ, ಯಾಕ?"

ಮುಂದಿನ ಸರಣಿ ಅದರ ಮೇಲೇ. ನಿಮ್ಮ ಗಾಡಿ ಯಾವಾಗ ಕೈ ಕೊಡ್ತದೆ, ತಣ್ಣಗಿದ್ದಾಗಾ, ಬಿಸಿ ಇದ್ದಾಗಾ? ಕಮೆಂಟಿನಲ್ಲಿ ಬರೀರಿ.

#ಸಿಂಧನೂರು #ಮಸ್ಕಿ #ಲಿಂಗಸುಗೂರು #ಅಪ್ಪನಗಾಡಿ #ಬಿಕಾಂಲೆಕ್ಕ